ಗ್ರಾಂ ಲೆಕ್ಕ, ವಾಟ್ ಲೆಕ್ಕ

ರೋಡ್ ಬೈಕ್ ಹುಚ್ಚು ತಲೆಗೇರಿದವರನ್ನು ಗುರುತಿಸುವುದು ಸುಲಭ. ಮನೆಯವರ ಫೋನ್ ನಂಬರ್ ನೆನಪಿರುವುದಿಲ್ಲ, ಆದರೆ ಸೀಟ್‌ಪೋಸ್ಟ್ ಎಷ್ಟು ಗ್ರಾಂ ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾರೆ. ಟೈರ್, ಸೀಟು, ಚಕ್ರ ಎಲ್ಲ ಬದಲಾಯಿಸಿ ಆದಮೇಲೆ ಕಣ್ಣು ಹೋಗುವುದು ಕ್ರ್ಯಾಂಕ್‌ಸೆಟ್ ಕಡೆಗೆ, ಅಂದರೆ ಪೆಡಲ್ ಕೂರುವ ಎರಡು ತೋಳು, ಚೈನ್ ಓಡುವ ಹಲ್ಲಿನ ಚಕ್ರ (ಚೈನ್‌ರಿಂಗ್) ಸೇರಿದ ಭಾಗದ ಕಡೆಗೆ. ಬೈಕನ್ನು ಪಕ್ಕದಿಂದ ನೋಡಿದರೆ ನಟ್ಟನಡುವೆ ಎದ್ದು ಕಾಣುವುದೇ ಅದು. ಅದನ್ನು ಹಗುರ ಮಾಡಬೇಕು ಅನ್ನಿಸುವುದು ಸಹಜ. ಜೊತೆಗೇ ಇನ್ನೊಂದು ಆಸೆ ಹುಟ್ಟುತ್ತದೆ. ಹೇಗೂ ಕ್ರ್ಯಾಂಕ್ ಬದಲಾಯಿಸುತ್ತಿದ್ದೇನಲ್ಲ, ಎಷ್ಟು ವಾಟ್ ಹಾಕಿ ತುಳಿಯುತ್ತಿದ್ದೇನೆ ಅಂತ ಅಳೆಯುವ ಪವರ್ ಮೀಟರ್ ಇರುವುದನ್ನೇ ಹಾಕಿಬಿಟ್ಟರೆ?

ಒಂದೇ ಬಿಡಿಭಾಗದ ಮೇಲೆ ಕೂತಿರುವುದರಿಂದ ಇವೆರಡೂ ಒಂದೇ ಆಸೆಯ ಹಾಗೆ ಕಾಣುತ್ತವೆ. ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಕಥೆ ಇದು. ಹಗುರ ಬೇಕು ಅನ್ನುವವರು ಲೋಹವನ್ನು ಕೆರೆದು ತೆಗೆಯುತ್ತಾರೆ, ಆದರೂ ಬಾಗಬಾರದು ಅನ್ನುತ್ತಾರೆ. ಮೀಟರ್ ಬೇಕು ಅನ್ನುವವರು ಅದೇ ಲೋಹಕ್ಕೆ ಬ್ಯಾಟರಿ, ಸರ್ಕ್ಯೂಟ್ ಅಂಟಿಸುತ್ತಾರೆ. ಆ ಮೀಟರ್ ಅಳೆಯುವುದಾದರೂ ಏನನ್ನು? ಲೋಹ ಎಷ್ಟು ಬಾಗಿತು ಅನ್ನುವುದನ್ನೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ಮೇಲೆ ನನ್ನ ಅಭಿಪ್ರಾಯ ಕಡ್ಡಿ ಮುರಿದ ಹಾಗೆ ಹೇಳುತ್ತೇನೆ: ಕ್ರ್ಯಾಂಕ್ ಆರಿಸುವಾಗ ತೂಕ ಕೊನೆಯ ಪ್ರಶ್ನೆ. ಅದಕ್ಕೆ ಮುಂಚೆ ಕೇಳಬೇಕಾದ್ದು ಬಹಳ ಇದೆ.

ತೂಕದ ಲೆಕ್ಕವನ್ನೇ ಮೊದಲು ಮುಗಿಸಿಬಿಡೋಣ. ಶಿಮಾನೋ ಕಂಪನಿಯ 12 ಸ್ಪೀಡ್ (ಹಿಂದಿನ ಚಕ್ರದಲ್ಲಿ 12 ಗೇರ್) ರೋಡ್ ಸರಣಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಡ್ಯುರಾ-ಏಸ್. ಅದಕ್ಕಿಂತ ಎರಡು ಮೆಟ್ಟಿಲು ಕೆಳಗೆ 105. ಈ ಎರಡು ಕ್ರ್ಯಾಂಕ್‌ಸೆಟ್‌ಗಳ ತೂಕದ ವ್ಯತ್ಯಾಸ 100 ಗ್ರಾಂ ಒಳಗೇ ಇದೆ. ಇರಲಿ, ಪೂರ್ತಿ 100 ಗ್ರಾಂ ಉಳಿಯಿತು ಅಂತಲೇ ಇಟ್ಟುಕೊಳ್ಳೋಣ. ಅಷ್ಟು ತೂಕವನ್ನು 1,000 ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ 981 ಜೂಲ್. ನೀವು 250 ವಾಟ್ ಹಾಕಿ ತುಳಿಯುವವರಾದರೆ ಅದು ನಾಲ್ಕು ಸೆಕೆಂಡ್ ಕೆಲಸ. ಸವಾರ, ಬೈಕ್ ಸೇರಿ 80 ಕೆ.ಜಿ. ಇದ್ದರೆ ಅಂಥ ಏರು ಮುಗಿಸಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಒಂದು ಗಂಟೆಯಲ್ಲಿ ನಾಲ್ಕು ಸೆಕೆಂಡ್. ಬಾಟಲಿಯಲ್ಲಿ ಅರ್ಧ ಲೀಟರ್ ನೀರು ಕಡಿಮೆ ತುಂಬಿಸಿದರೆ ಇದರ ಐದು ಪಟ್ಟು ಉಳಿಯುತ್ತದೆ. ನೀರು ಕಡಿಮೆ ಒಯ್ಯಿರಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು.

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು 'ಅದು ತಿರುಗುವ ತೂಕ ಅಲ್ವಾ, ಅದಕ್ಕೆ ಲೆಕ್ಕ ಬೇರೆ' ಅನ್ನುತ್ತಾರೆ. ಚಕ್ರದ ಅಂಚಿನ ವಿಷಯದಲ್ಲಿ ಈ ಮಾತಿಗೆ ಸ್ವಲ್ಪ ಅರ್ಥ ಇದೆ. ಕ್ರ್ಯಾಂಕ್ ವಿಷಯದಲ್ಲಿ ಇಲ್ಲ. ಕ್ರ್ಯಾಂಕ್ ನಿಮಿಷಕ್ಕೆ 90 ಸುತ್ತು ಹೊಡೆಯುತ್ತದೆ ಅನ್ನಿ. ಅಂದರೆ ಸೆಕೆಂಡಿಗೆ ಒಂದೂವರೆ ಸುತ್ತು. ಆ 100 ಗ್ರಾಂ ಪೂರ್ತಿ ಪೆಡಲ್ ತುದಿಯಲ್ಲೇ, 170 ಮಿ.ಮೀ. ದೂರದಲ್ಲೇ ಇದೆ ಅಂದುಕೊಂಡರೂ ಅದರ ವೇಗ ಸೆಕೆಂಡಿಗೆ 1.6 ಮೀಟರ್. ತಿರುಗುವುದರಿಂದ ಅದರಲ್ಲಿ ತುಂಬಿಕೊಳ್ಳುವ ಶಕ್ತಿ 0.13 ಜೂಲ್. ಅದೇ ತೂಕ ಬೈಕ್ ಜೊತೆಗೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ಮುಂದಕ್ಕೆ ಹೋಗುವಾಗ ಅದರಲ್ಲಿರುವ ಶಕ್ತಿ 5 ಜೂಲ್. ಐದರ ಮುಂದೆ 0.13 ಎಲ್ಲಿ ಲೆಕ್ಕಕ್ಕೆ ಬರುತ್ತದೆ? ಜಾಹೀರಾತಿನವರು ಮಾತ್ರ ಇದನ್ನು ದೊಡ್ಡದು ಮಾಡುತ್ತಾರೆ.

ಹಾಗಾದರೆ ಹಗುರ ಕ್ರ್ಯಾಂಕ್ ಆಸೆ ಬರೀ ಹುಚ್ಚೇ? ನಾನು ಹಾಗೆ ಹೇಳಲಾರೆ. ಒಳ್ಳೆಯ ಕ್ರ್ಯಾಂಕ್ ತೋಳನ್ನು ಕೈಯಲ್ಲಿ ಹಿಡಿದರೆ ಖುಷಿಯಾಗುತ್ತದೆ. ನೋಡಲು ಗಟ್ಟಿಮುಟ್ಟು, ಎತ್ತಿದರೆ ಒಳಗೆ ಏನೂ ಇಲ್ಲವೇನೋ ಅನ್ನಿಸುತ್ತದೆ. ನಿಜಕ್ಕೂ ಒಳಗೆ ಏನೂ ಇರುವುದಿಲ್ಲ. ಶಿಮಾನೋದವರ ಹಾಲೋಟೆಕ್ ತೋಳುಗಳು ಅಲ್ಯೂಮಿನಿಯಮ್‌ನಲ್ಲಿ ಮಾಡಿದ ಟೊಳ್ಳು ತೋಳುಗಳು. ಬಾಗುವ ವಸ್ತುವಿನಲ್ಲಿ ಹೊರಗಿನ ಪದರವೇ ಹೆಚ್ಚಿನ ಭಾರ ಹೊರುತ್ತದೆ. ನಡುವಿನ ಲೋಹ ಅಷ್ಟಾಗಿ ದುಡಿಯುವುದಿಲ್ಲ. ದುಡಿಯದಿರುವುದನ್ನು ತೆಗೆದುಹಾಕಿದರು, ಅಷ್ಟೇ. ಆ ಜಾಣತನಕ್ಕೆ ಮನಸೋತು ದುಡ್ಡು ಕೊಟ್ಟರೆ ನನ್ನ ತಕರಾರಿಲ್ಲ. ವೇಗ ಹೆಚ್ಚುತ್ತದೆ ಅಂತ ನಂಬಿ ಕೊಟ್ಟರೆ ಮಾತ್ರ ಮೇಲಿನ ನಾಲ್ಕು ಸೆಕೆಂಡ್ ನೆನಪಿಸುತ್ತೇನೆ.

ಟೊಳ್ಳು ಮಾಡುವುದಕ್ಕೂ ಒಂದು ಬೆಲೆ ಇದೆ. ಡ್ಯುರಾ-ಏಸ್, ಅದರ ಕೆಳಗಿನ ಅಲ್ಟೆಗ್ರಾ ಮಟ್ಟದ 11 ಸ್ಪೀಡ್ ಕ್ರ್ಯಾಂಕ್‌ಗಳಲ್ಲಿ ತೋಳಿನ ಎರಡು ತುಂಡುಗಳನ್ನು ಅಂಟಿನಿಂದ ಜೋಡಿಸಿರುತ್ತಾರೆ. ಆ ಅಂಟು ಬಿಡುವ ಪ್ರಕರಣಗಳು ಹೆಚ್ಚಾಗಿ, 2023ರ ಸೆಪ್ಟೆಂಬರ್‌ನಲ್ಲಿ ಶಿಮಾನೋ ತಾನಾಗಿಯೇ ತಪಾಸಣೆ ಘೋಷಿಸಿತು. 2019ರ ಜುಲೈಗೆ ಮುಂಚೆ ತಯಾರಾದ ಕ್ರ್ಯಾಂಕ್‌ಗಳಿಗೆ ಅದು ಅನ್ವಯ. ಅಮೆರಿಕ ಒಂದರಲ್ಲೇ ಸುಮಾರು 6,80,000 ಕ್ರ್ಯಾಂಕ್‌ಸೆಟ್‌ಗಳು ಈ ಪಟ್ಟಿಗೆ ಬಂದವು. ತುಂಡುಗಳು ಬೇರೆಯಾದ 4,500ಕ್ಕೂ ಹೆಚ್ಚು ವರದಿಗಳಿದ್ದವು, ಆರು ಮಂದಿಗೆ ಗಾಯವಾಗಿತ್ತು. ಹಳೇ ಕ್ರ್ಯಾಂಕ್ ಕೊಳ್ಳುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ತೋಳಿನ ಹಿಂಬದಿಯಲ್ಲಿ ಎರಡಕ್ಷರದ ತಯಾರಿಕಾ ಸಂಕೇತ ಕೊರೆದಿರುತ್ತದೆ, ಮೊದಲು ಅದನ್ನು ನೋಡಿ. ಆಮೇಲೆ ತೋಳನ್ನು ಚೆನ್ನಾಗಿ ಒರೆಸಿ, ಒಳಮುಖದಲ್ಲಿ ಎರಡು ತುಂಡು ಸೇರುವ ಗೆರೆಯ ಉದ್ದಕ್ಕೂ ಉಗುರು ಓಡಿಸಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ, ಅಥವಾ ಗೆರೆಯಲ್ಲಿ ಬೂದಿ ಬಣ್ಣದ ಪುಡಿ ಕಂಡರೆ, ಅದು ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಬೈಕ್‌ಗೆ ಹಾಕಿರುವ ಕ್ರ್ಯಾಂಕ್ ತುಳಿದಾಗ ಕಿರ್ ಕಿರ್ ಅಂದರೂ ಅನುಮಾನ ಪಡಿ. ಪೆಡಲ್‌ನಿಂದಲೋ ಬೇರಿಂಗ್‌ನಿಂದಲೋ ಬರುವ ಸದ್ದು ಅಂತ ಸುಮ್ನೆ ಬಿಡಬೇಡಿ.

ಕಾರ್ಬನ್ ತೋಳುಗಳದ್ದು ಇನ್ನೊಂದು ಕಥೆ. ಅವು ತುಂಬಾ ಹಗುರ. ಜರ್ಮನಿಯ ಟಿಎಚ್‌ಎಮ್ ಕಂಪನಿಯ ಕ್ಲಾವಿಕುಲಾ ಹೆಸರು ಕೇಳಿದರೆ ಗ್ರಾಂ ಲೆಕ್ಕದವರ ಕಣ್ಣು ಅರಳುತ್ತದೆ. ಆದರೆ ಪೆಡಲ್ ತಿರುಚಿ ಕೂರಿಸಲು ಕಾರ್ಬನ್‌ನೊಳಗೆ ಲೋಹದ ತುಂಡು ಕೂರಿಸಲೇಬೇಕು. ಸೋಲುವುದಾದರೆ ಸಾಮಾನ್ಯವಾಗಿ ಅಲ್ಲೇ. ಶೂ ಹಿಮ್ಮಡಿ ಉಜ್ಜಿ ಉಜ್ಜಿ ಮೇಲಿನ ಹೊಳಪು ಹೋಗುವುದೂ ಇದೆ. ಅದಕ್ಕೊಂದು ಪಾರದರ್ಶಕ ಸ್ಟಿಕರ್ ಸಾಕು. ಟೈಟಾನಿಯಮ್ ಕ್ರ್ಯಾಂಕ್‌ಗಳೂ ಇವೆ. ಚೆಂದ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಈಗ ನಿಜವಾದ ಮೊದಲ ಪ್ರಶ್ನೆಗೆ ಬರೋಣ: ನಿಮ್ಮ ಫ್ರೇಮ್‌ನ ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕ್ ತಿರುಗುವ ಬೇರಿಂಗ್ ಕೂರುವ ಜಾಗ, ಯಾವ ಬಗೆಯದು? ಕ್ರ್ಯಾಂಕ್ ಎಷ್ಟೇ ಒಳ್ಳೆಯದಿರಲಿ, ಫ್ರೇಮ್‌ನಲ್ಲಿ ಸರಿಯಾಗಿ ಕೂರದಿದ್ದರೆ ಪ್ರಯೋಜನ ಇಲ್ಲ. ಹಳೆಯ ಬಿಎಸ್‌ಎ ಅಂದರೆ 68 ಮಿ.ಮೀ. ಅಗಲದ, ಥ್ರೆಡ್ ಇರುವ ವ್ಯವಸ್ಥೆ. ಅದರ ಬಲಗಡೆ ಬೇರಿಂಗ್ ಕಪ್‌ಗೆ ಉಲ್ಟಾ ಥ್ರೆಡ್, ತುಳಿಯುತ್ತಾ ತುಳಿಯುತ್ತಾ ತಾನಾಗಿ ಸಡಿಲ ಆಗದಿರಲಿ ಅಂತ. ಹಳೇ ಇಟಾಲಿಯನ್ ಫ್ರೇಮ್‌ಗಳಲ್ಲಿ ಎರಡೂ ಕಡೆ ಮಾಮೂಲಿ ಥ್ರೆಡ್. ಅವುಗಳ ಬಲಗಡೆ ಕಪ್ ಸಡಿಲ ಆಗುವ ಚಾಳಿ ಗೊತ್ತಿರುವವರಿಗೆ ಗೊತ್ತು. ಆಮೇಲೆ ಥ್ರೆಡ್ ಇಲ್ಲದೆ ಒತ್ತಿ ಕೂರಿಸುವ ಪ್ರೆಸ್-ಫಿಟ್ ಕಾಲ ಬಂತು. ಕ್ಯಾನನ್‌ಡೇಲ್ ಬಿಬಿ30 ತಂದಿತು. ನಂತರ ಬಿಬಿ86, ಪಿಎಫ್30, ಮತ್ತೆ ಥ್ರೆಡ್‌ಗೇ ಮರಳಿದ ಟಿ47 ಅಂತ ಹೆಸರುಗಳ ಸಾಲು ಬೆಳೆಯುತ್ತಲೇ ಹೋಯಿತು.

ಎರಡು ತೋಳನ್ನು ಜೋಡಿಸುವ ಅಚ್ಚು, ಅಂದರೆ ಸ್ಪಿಂಡಲ್ ಕೂಡ ಒಂದೇ ಅಳತೆಯದ್ದಲ್ಲ. ಶಿಮಾನೋದ್ದು 24 ಮಿ.ಮೀ. ಸ್ಟೀಲ್. ಸ್ರ್ಯಾಮ್ ಕಂಪನಿಯ ಡಬ್ 28.99 ಮಿ.ಮೀ. ಬಹಳಷ್ಟು ಹಗುರ ಕ್ರ್ಯಾಂಕ್‌ಗಳು 30 ಮಿ.ಮೀ. ಅಲ್ಯೂಮಿನಿಯಮ್ ಸ್ಪಿಂಡಲ್ ಬಳಸುತ್ತವೆ. ಹಗುರದ ಆಸೆ ಬಂದು ಡಿಕ್ಕಿ ಹೊಡೆಯುವುದು ಇಲ್ಲೇ. ಬಿಬಿ86 ಫ್ರೇಮ್‌ನ ಒಳವ್ಯಾಸ 41 ಮಿ.ಮೀ. ಅದರೊಳಗೆ 24ರ ಸ್ಪಿಂಡಲ್ ಹಾಕಿದರೆ ಸುತ್ತಲೂ 8.5 ಮಿ.ಮೀ. ಜಾಗ ಉಳಿಯುತ್ತದೆ. 30ರದ್ದು ಹಾಕಿದರೆ ಉಳಿಯುವುದು 5.5 ಮಿ.ಮೀ. ಅಷ್ಟರಲ್ಲೇ ಕಪ್ಪಿನ ಗೋಡೆ, ಬೇರಿಂಗ್‌ನ ಹೊರ ಉಂಗುರ, ಗುಂಡು, ಒಳ ಉಂಗುರ ಎಲ್ಲವೂ ಹಿಡಿಸಬೇಕು. ಗುಂಡುಗಳು ಪುಟ್ಟದಾಗುತ್ತವೆ. ಮಳೆನೀರು, ಧೂಳು ಕುಡಿದ ಮೇಲೆ ಅವು ಬೇಗ ಸೋಲುತ್ತವೆ. ಸ್ಪಿಂಡಲ್‌ನಲ್ಲಿ ಉಳಿಸಿದ ಗ್ರಾಂಗಳನ್ನು ಮತ್ತೆ ಮತ್ತೆ ಬೇರಿಂಗ್ ಕೊಂಡು ತೀರಿಸಬೇಕು. ಬಿಬಿ86 ಫ್ರೇಮ್ ಇರುವವರಿಗೆ ನನ್ನ ಸಲಹೆ ಒಂದೇ: 24ರಲ್ಲೇ ಇರಿ.

ಎರಡನೇ ಪ್ರಶ್ನೆ ತೋಳಿನ ಉದ್ದ. ಬಹಳ ಕಾಲ ಬೈಕ್ ಜೊತೆ ಏನು ಬಂತೋ ಅದನ್ನೇ ಒಪ್ಪಿಕೊಂಡಿದ್ದೆವು. ಚಿಕ್ಕ ಫ್ರೇಮ್‌ಗೆ 170, ನಡುವಿನದ್ದಕ್ಕೆ 172.5, ದೊಡ್ಡದಕ್ಕೆ 175. ಉದ್ದ ತೋಳು ಅಂದರೆ ಸನ್ನೆಕೋಲು ಉದ್ದ, ಹಾಗಾಗಿ ಬಲ ಜಾಸ್ತಿ ಅನ್ನುವುದು ವಾದ. ಗೇರ್ ಅನ್ನುವುದು ಇಲ್ಲದಿದ್ದರೆ ಈ ವಾದ ಸರಿಯೇ. ಗೇರ್ ಇದೆಯಲ್ಲ, ಒಂದು ಹಲ್ಲು ಬದಲಾಯಿಸಿದರೆ ಆಯಿತು. 2001ರಲ್ಲಿ ಪ್ರಕಟವಾದ ಜಿಮ್ ಮಾರ್ಟಿನ್ ಅವರ ಅಧ್ಯಯನದಲ್ಲಿ 120ರಿಂದ 220 ಮಿ.ಮೀ.ವರೆಗಿನ ತೋಳುಗಳನ್ನು ಪರೀಕ್ಷಿಸಿದರು. ಅಷ್ಟು ದೊಡ್ಡ ಅಂತರದಲ್ಲೂ ಗರಿಷ್ಠ ಪವರ್‌ನಲ್ಲಿ ಕಂಡ ವ್ಯತ್ಯಾಸ ಶೇ 4ರಷ್ಟು ಮಾತ್ರ. ನಾವು ತಲೆ ಕೆಡಿಸಿಕೊಳ್ಳುವ 170, 172.5 ಎರಡೂ ಆ ಅಂತರದ ನಡುವೆ ಎಲ್ಲೋ ಕಳೆದುಹೋಗುತ್ತವೆ. ಉದ್ದ ಮುಖ್ಯ ಆಗುವುದು ಮಂಡಿ, ಸೊಂಟದ ವಿಷಯಕ್ಕೆ. ತೋಳು ಚಿಕ್ಕದಾದಷ್ಟೂ ಪೆಡಲ್ ಮೇಲೆ ಬಂದಾಗ ತೊಡೆ ಹೊಟ್ಟೆಗೆ ಒತ್ತುವುದು ಕಡಿಮೆ, ಮುಂದಕ್ಕೆ ಬಾಗಿ ಕೂರುವುದು ಸಲೀಸು. ಚಾಂಪಿಯನ್ ಸವಾರ ತಡೇ ಪೊಗಾಚಾರ್ 2024ರಲ್ಲಿ 165ಕ್ಕೆ ಇಳಿದ ಮೇಲೆ ಎಲ್ಲರೂ ಚಿಕ್ಕ ತೋಳಿನ ಹಿಂದೆ ಬಿದ್ದಿದ್ದಾರೆ. ನೀವೂ ಇಳಿಯುವುದಾದರೆ ಸೀಟನ್ನು ಅಷ್ಟೇ ಮೇಲಕ್ಕೆ ಎತ್ತುವುದು ಮರೆಯಬೇಡಿ. ಪವರ್ ಮೀಟರ್ ಇರುವ ಕ್ರ್ಯಾಂಕ್ ದುಬಾರಿ, ಒಮ್ಮೆ ಕೊಂಡರೆ ಬಹಳ ವರ್ಷ ಅದರ ಜೊತೆಗೇ ಸಂಸಾರ. ಹಾಗಾಗಿ ಉದ್ದ ತೀರ್ಮಾನ ಆಗದೆ ಮೀಟರ್ ಕೊಳ್ಳಬೇಡಿ.

ಮೀಟರ್ ವಿಷಯಕ್ಕೆ ಬಂದರೆ, ಇದರ ಮೂಲ ಜರ್ಮನಿಯಲ್ಲಿದೆ. ಉಲ್ರಿಖ್ ಶೋಬರರ್ ಎಂಬ ಎಂಜಿನಿಯರ್ 1986ರಲ್ಲಿ ಎಸ್‌ಆರ್‌ಎಮ್ ಶುರುಮಾಡಿದರು. ಕ್ರ್ಯಾಂಕ್ ಮತ್ತು ಚೈನ್‌ರಿಂಗ್ ನಡುವಿನ ಸ್ಪೈಡರ್‌ನಲ್ಲಿ ಸ್ಟ್ರೇನ್ ಗೇಜ್ ಇಟ್ಟು ಅಳೆಯುವ ಅವರ ವಿಧಾನವೇ ಇವತ್ತಿಗೂ ಎಷ್ಟೋ ಕಂಪನಿಗಳ ಬುನಾದಿ. ಆರಂಭದಲ್ಲೇ ಅದನ್ನು ಬಳಸಿದ ದೊಡ್ಡ ಹೆಸರುಗಳಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಒಬ್ಬರು.

ಸ್ಟ್ರೇನ್ ಗೇಜ್ ಅಂದರೆ ಲೋಹಕ್ಕೆ ಅಂಟಿಸಿದ ತೀರಾ ತೆಳು ತಂತಿಯ ಜಾಲರಿ. ಲೋಹ ಹಿಗ್ಗಿದರೆ ತಂತಿಯೂ ಹಿಗ್ಗುತ್ತದೆ, ಅದರ ವಿದ್ಯುತ್ ಪ್ರತಿರೋಧ ಒಂದಿಷ್ಟು ಬದಲಾಗುತ್ತದೆ. ಆ ಬದಲಾವಣೆಯಿಂದ ಟಾರ್ಕ್, ಅಂದರೆ ತಿರುಗಿಸುವ ಬಲ, ಗೊತ್ತಾಗುತ್ತದೆ. ಟಾರ್ಕನ್ನು ತಿರುಗುವ ವೇಗದಿಂದ ಗುಣಿಸಿದರೆ ವಾಟ್. 90 ಸುತ್ತಿನಲ್ಲಿ 200 ವಾಟ್ ಅಂದರೆ ಸರಾಸರಿ ಟಾರ್ಕ್ ಸುಮಾರು 21 ನ್ಯೂಟನ್ ಮೀಟರ್. 170ರ ತೋಳಿನ ತುದಿಯಲ್ಲಿ ಅದು ಹೆಚ್ಚೂಕಡಿಮೆ 12.7 ಕೆ.ಜಿ. ಒತ್ತಿದಷ್ಟು. ಅಷ್ಟಕ್ಕೆ ಅಲ್ಯೂಮಿನಿಯಮ್ ತೋಳು ಎಷ್ಟು ಬಾಗೀತು? ಕಣ್ಣಿಗೆ ಕಾಣುವಷ್ಟಂತೂ ಅಲ್ಲ. ಆ ಕಾಣದ ಬಾಗುವಿಕೆಯನ್ನು ಬಿಸಿಲಲ್ಲಿ, ಮಳೆಯಲ್ಲಿ, ಗುಂಡಿಬಿದ್ದ ರಸ್ತೆಯಲ್ಲಿ ಶೇ 1 ಅಥವಾ 2ರ ತಪ್ಪಿನೊಳಗೆ ಓದುವುದು ಸಣ್ಣ ಕೆಲಸ ಅಲ್ಲ. ಹಗುರ ಕಾರ್ಬನ್ ತೋಳಿನ ಮೇಲೆ ಗೇಜ್ ಅಂಟಿಸಿ ಅಳೆಯುವುದು ಇನ್ನೂ ಕಷ್ಟ. ಲೋಹ ಎಲ್ಲ ಕಡೆಯೂ ಒಂದೇ ಥರ ಬಾಗುತ್ತದೆ. ಪದರ ಪದರವಾಗಿ ಜೋಡಿಸಿದ ಕಾರ್ಬನ್ ಹಾಗೆ ಅಲ್ಲ, ನಾರು ಯಾವ ದಿಕ್ಕಿಗಿದೆ ಅನ್ನುವುದರ ಮೇಲೆ ಅದರ ನಡವಳಿಕೆ ಬದಲಾಗುತ್ತದೆ.

ಮೀಟರ್ ಎಲ್ಲಿ ಇರಬೇಕು? ಅಗ್ಗದ ದಾರಿ ಎಡಗಡೆ ತೋಳು. ಎಡಗಾಲಿನ ಪವರ್ ಅಳೆದು ಎರಡರಿಂದ ಗುಣಿಸುತ್ತದೆ. ಸೇರುವ ತೂಕ 10-20 ಗ್ರಾಂ ಅಷ್ಟೇ, ಎಡ ತೋಳು ಬಿಚ್ಚಿ ಹೊಸದು ಹಾಕಿದರೆ ಕೆಲಸ ಮುಗಿಯಿತು. ತೊಂದರೆ ಏನೆಂದರೆ ಎರಡು ಕಾಲೂ ಸಮ ಇರುವವರು ಕಡಿಮೆ. ನೀವು ನಿಜವಾಗಿ 200 ವಾಟ್ ಹಾಕುತ್ತಿದ್ದು ಎಡಗಾಲಿನ ಪಾಲು ಶೇ 52 ಇದ್ದರೆ ಮೀಟರ್ 208 ತೋರಿಸುತ್ತದೆ. ಪಾಲು ಶೇ 48 ಇದ್ದರೆ 192. ಯಾವಾಗಲೂ 8 ಜಾಸ್ತಿ ತೋರಿಸಿದರೆ ಹೊಂದಿಕೊಳ್ಳಬಹುದು, ಹೋಲಿಕೆ ನನ್ನ ಜೊತೆ ನನಗೇ ಅಲ್ವಾ? ಆದರೆ ಆ ಪಾಲು ಒಂದೇ ಕಡೆ ನಿಲ್ಲುವುದಿಲ್ಲ. ಸುಲಭವಾಗಿ ತುಳಿಯುವಾಗ ಒಂದು, ಉಸಿರುಗಟ್ಟಿ ತುಳಿಯುವಾಗ ಇನ್ನೊಂದು, ಕಾಲು ಸೋತ ಮೇಲೆ ಮತ್ತೊಂದು. ಎರಡು ಗಂಟೆ ಆದಮೇಲೆ ಅಂಕಿ ಇಳಿಯಿತು ಅಂದರೆ ದಣಿದಿದ್ದು ನೀವೋ, ಬರೀ ಎಡಗಾಲೋ ಅಂತ ಹೇಳಲು ಬರುವುದಿಲ್ಲ. ಪವರ್ ಮೀಟರ್ ಹೇಗಿರುತ್ತದೆ ಅಂತ ರುಚಿ ನೋಡಲು ಇದು ಸಾಕು. ಗಾಯವಾಗಿ ಒಂದು ಕಾಲು ಸೊರಗಿರುವವರು ಮಾತ್ರ ಇದನ್ನು ಕೊಳ್ಳಲೇಬಾರದು.

ಸ್ಪೈಡರ್ ಮೀಟರ್ ಎರಡೂ ಕಾಲಿನ ಮೊತ್ತವನ್ನು ಚೈನ್‌ಗೆ ಹೋಗುವ ದಾರಿಯಲ್ಲೇ ಹಿಡಿಯುತ್ತದೆ. ಎಸ್‌ಆರ್‌ಎಮ್, ಕ್ವಾರ್ಕ್, ಪವರ್‌2ಮ್ಯಾಕ್ಸ್ ಈ ಬಗೆಯವು. ನನ್ನ ಒಲವು ಇದರ ಕಡೆಗೆ. ಕಲ್ಲಿಗೆ ತಾಗುವ, ಬೈಕ್ ಬಿದ್ದರೆ ಮೊದಲು ಏಟು ತಿನ್ನುವ ಜಾಗದಲ್ಲಿ ಅದು ಇಲ್ಲ. ತೋಳು ಹಾಳಾದರೆ ತೋಳು ಮಾತ್ರ, ರಿಂಗ್ ಸವೆದರೆ ರಿಂಗ್ ಮಾತ್ರ ಬದಲಾಯಿಸಬಹುದು. ಎಲ್ಲದರಲ್ಲೂ ಹೀಗಿಲ್ಲ ಅನ್ನುವುದು ಗೊತ್ತಿರಲಿ. 2019ರಲ್ಲಿ ಬಂದ ಸ್ರ್ಯಾಮ್ ರೆಡ್ ಎಎಕ್ಸ್‌ಎಸ್‌ನಲ್ಲಿ ಎರಡು ಚೈನ್‌ರಿಂಗ್, ಪವರ್ ಮೀಟರ್ ಎಲ್ಲ ಒಂದೇ ತುಂಡು. ಹಗುರ ಹೌದು, ಗಟ್ಟಿ ಹೌದು. ಹಲ್ಲು ಸವೆದರೆ? ಮೀಟರ್ ಸಮೇತ ಬದಲಾಯಿಸಬೇಕು. 2024ರ ರೆಡ್‌ನಲ್ಲಿ ಅವರೇ ಮೀಟರನ್ನು ರಿಂಗ್‌ಗಳಿಂದ ಮತ್ತೆ ಬೇರೆ ಮಾಡಿದರು. ಹಗುರ ಮಾಡುವ ಭರದಲ್ಲಿ ಬಾಳಿಕೆ ಬರುವ ಭಾಗವನ್ನೂ ಸವೆಯುವ ಭಾಗವನ್ನೂ ಒಂದೇ ಮಾಡಿದರೆ ಆಗುವುದು ಇದೇ.

ಪೆಡಲ್ ಮೀಟರ್‌ಗಳದ್ದು ಬೇರೆ ಸುಖ. ಫಾವೆರೊ ಅಸಿಯೋಮಾ, ಗಾರ್ಮಿನ್ ರ್‍ಯಾಲಿ ಇಂಥವನ್ನು ಒಂದು ಬೈಕ್‌ನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿದರೆ ಮುಗಿಯಿತು. ಕ್ರ್ಯಾಂಕ್ ಯಾವುದಾದರೂ ಇರಲಿ, ಬಾಟಮ್ ಬ್ರಾಕೆಟ್ ಯಾವುದಾದರೂ ಇರಲಿ, ಅವಕ್ಕೆ ಸಂಬಂಧವಿಲ್ಲ. ಹಗುರ ಕಾರ್ಬನ್ ಕ್ರ್ಯಾಂಕ್ ಬೇಕೇ ಬೇಕು ಅನ್ನುವವರಿಗೆ ಜಗಳ ಬಿಡಿಸುವ ದಾರಿಯೂ ಇದೇ. ಅಳೆಯುವ ಕೆಲಸ ಪೆಡಲ್‌ಗೆ ಬಿಟ್ಟು ಕ್ರ್ಯಾಂಕನ್ನು ಅದರ ಪಾಡಿಗೆ ಬಿಡಬಹುದು. ಒಂದೇ ಎಚ್ಚರಿಕೆ: ಆ್ಯಪ್‌ನಲ್ಲಿ ತೋಳಿನ ಉದ್ದ ಸರಿಯಾಗಿ ತುಂಬಿ. 170ರ ತೋಳಿಗೆ 172.5 ಅಂತ ಹಾಕಿದರೆ ಪ್ರತಿ ಅಂಕಿಯೂ ಸುಮಾರು ಶೇ 1.5ರಷ್ಟು ಉಬ್ಬುತ್ತದೆ. ಹಿಂದಿನ ಹಬ್‌ನಲ್ಲಿ ಕೂರುವ ಮೀಟರ್‌ಗಳೂ ಇದ್ದವು. ಚೈನ್‌ನಲ್ಲಿ ಕಳೆದುಹೋಗಿ ಉಳಿದದ್ದನ್ನು ಅವು ಅಳೆಯುವುದರಿಂದ ಯಾವಾಗಲೂ ಸ್ವಲ್ಪ ಕಡಿಮೆ ತೋರಿಸುತ್ತವೆ.

ಕೊಂಡ ಮೇಲೆ ನೋಡಿಕೊಳ್ಳುವುದೂ ಒಂದು ಕೆಲಸ. ಬೆಚ್ಚಗಿನ ಕೋಣೆಯಿಂದ ಬೈಕನ್ನು ಚಳಿಗೆ ತಂದರೆ ಲೋಹ ಕುಗ್ಗುತ್ತದೆ. ಏನೂ ಒತ್ತದೇ ಇರುವಾಗ ಮೀಟರ್ ಯಾವುದನ್ನು ಸೊನ್ನೆ ಅಂದುಕೊಂಡಿತ್ತೋ ಅದು ಜಾರುತ್ತದೆ. ಉಷ್ಣಾಂಶ ಬದಲಾದರೆ ತಾನೇ ಸರಿಮಾಡಿಕೊಳ್ಳುವ ಮೀಟರ್‌ಗಳು ಈಗ ಸಾಮಾನ್ಯ. ಆದರೂ ನಾನು ಹತ್ತು ನಿಮಿಷ ತುಳಿದು, ಲೋಹ ಹೊರಗಿನ ಹವೆಗೆ ಹೊಂದಿಕೊಂಡ ಮೇಲೆ ಇಳಿದು ನಿಂತು ಸೊನ್ನೆ ಮಾಡುತ್ತೇನೆ. ಜೊತೆಗಿರುವವರು ಕಾಯುತ್ತಾ ಗೊಣಗುತ್ತಾರೆ. ಗೊಣಗಲಿ.

ಆದರೆ ಸೊನ್ನೆ ಸರಿ ಇದ್ದ ಮಾತ್ರಕ್ಕೆ ಅಳತೆ ಸರಿ ಇದೆ ಅಂತ ಅಲ್ಲ. ಅದನ್ನು ನೋಡಲು ಒಂದು ಸರಳ ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಟಾರ್ಕ್ ಅಂಕಿಯನ್ನು ನೇರವಾಗಿ ತೋರಿಸುವ ಆ್ಯಪ್ ನಿಮ್ಮ ಮೀಟರ್‌ಗೆ ಇರಬೇಕು. ಮೊದಲು ಒಂದು ಭಾರವನ್ನು ನಂಬಿಕೆಯ ತಕ್ಕಡಿಯಲ್ಲಿ ತೂಗಿ ಇಟ್ಟುಕೊಳ್ಳಿ, 20 ಕೆ.ಜಿ. ಅನ್ನೋಣ. ಮೇಲೆ ಬರೆದ ತೂಕವನ್ನು ನಂಬಬೇಡಿ, ವ್ಯಾಯಾಮದ ತಟ್ಟೆಗಳು ಹೇಳುವುದೊಂದು ತೂಗುವುದೊಂದು. ಬೈಕನ್ನು ನೇರ ನಿಲ್ಲಿಸಿ, ಹಿಂದಿನ ಬ್ರೇಕ್ ಗಟ್ಟಿಯಾಗಿ ಕಟ್ಟಿ, ತೋಳು ನೆಲಕ್ಕೆ ಸಮನಾಗಿ ಮುಂದಕ್ಕೆ ಬರುವ ಹಾಗೆ ಮಾಡಿ. ಪೆಡಲ್‌ನ ನಡುಮಧ್ಯಕ್ಕೆ ಪಟ್ಟಿ ಹಾಕಿ ಭಾರ ನೇತುಬಿಡಿ. ಅದು ಓಲಾಡುವುದು ನಿಲ್ಲುವವರೆಗೆ ಕಾಯಿರಿ. 20 ಕೆ.ಜಿ., 170 ಮಿ.ಮೀ. ತೋಳು ಅಂದರೆ ಬರಬೇಕಾದ್ದು 33.4 ನ್ಯೂಟನ್ ಮೀಟರ್. 33 ಅಥವಾ 33.8 ಬಂದರೆ ಬೆನ್ನು ತಟ್ಟಿಕೊಳ್ಳಿ. 31 ಬಂದರೆ ಮೊದಲು ತೋಳು ನಿಜಕ್ಕೂ ಸಮನಾಗಿದೆಯಾ ನೋಡಿ, ಪಟ್ಟಿಯೋ ಭಾರವೋ ಎಲ್ಲಿಗಾದರೂ ತಾಗುತ್ತಿದೆಯಾ ನೋಡಿ. ಆಮೇಲೆ ಮೀಟರ್ ಮೇಲೆ ಅನುಮಾನ. ಕೆಲವು ಕಂಪನಿಗಳು ಈ ಅಂಕಿ ಇಟ್ಟುಕೊಂಡು ಅಳತೆಯನ್ನು ನಾವೇ ತಿದ್ದಲು ಅವಕಾಶ ಕೊಡುತ್ತವೆ. ಕೊಳ್ಳುವ ಮುಂಚೆ ಇದೆಯಾ ಅಂತ ಕೇಳಿ. ತೂಕದ ಪಟ್ಟಿಗಿಂತ ಇದು ಮುಖ್ಯ.

ಎಡ ತೋಳು ಬಿಗಿಯುವುದರಲ್ಲೂ ಅಳತೆ ಅಡಗಿದೆ. ಶಿಮಾನೋ ಕ್ರ್ಯಾಂಕ್ ಆದರೆ ಮೊದಲು ಪ್ಲಾಸ್ಟಿಕ್ ಕ್ಯಾಪ್. ಅದಕ್ಕೆ ಬೇಕಾದ ಬಿಗಿ 0.7ರಿಂದ 1.5 ನ್ಯೂಟನ್ ಮೀಟರ್, ಅಂದರೆ ಎರಡು ಬೆರಳಲ್ಲಿ ತಿರುಗಿಸಿದಷ್ಟು. ಬೇರಿಂಗ್‌ಗಳ ನಡುವೆ ಅಲುಗಾಟ ಇಲ್ಲದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ, ತೋಳನ್ನು ಹಿಡಿಯುವುದಲ್ಲ. ತೋಳನ್ನು ಹಿಡಿಯುವುದು ಪಕ್ಕದ ಎರಡು ಬೋಲ್ಟ್. ಅವಕ್ಕೆ 12ರಿಂದ 14. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು. ಅದಕ್ಕೊಂದಿಷ್ಟು ಇದಕ್ಕೊಂದಿಷ್ಟು ಅಂತ ಸರದಿಯಲ್ಲಿ ಬಿಗಿಯಬೇಕು. ನಡುವಿನ ಪುಟ್ಟ ತಡೆಪಟ್ಟಿಯನ್ನು ಒತ್ತಿ, ಅದರ ಮೊಳೆ ಸ್ಪಿಂಡಲ್‌ನ ತೂತಿಗೆ ಕೂತಿತಾ ಅಂತ ನೋಡಿಯೇ ಬಿಗಿಯಲು ಶುರುಮಾಡಬೇಕು.

ಈಗ ಎರಡೂ ಲೆಕ್ಕವನ್ನು ಮುಖಾಮುಖಿ ಮಾಡೋಣ. ಒಳ್ಳೆಯ ಪವರ್ ಮೀಟರ್ ಅಂದರೆ ಶೇ 1.5ರ ಆಚೀಚೆ. 250 ವಾಟ್‌ನಲ್ಲಿ ಅದು 3.75 ವಾಟ್. ಒಟ್ಟು 80 ಕೆ.ಜಿ.ಯಲ್ಲಿ 100 ಗ್ರಾಂ ಕಡಿಮೆಯಾದರೆ, ಕಡಿದಾದ ಏರಿನಲ್ಲೂ, ಅದೇ ವೇಗಕ್ಕೆ ಉಳಿಯುವುದು ಸುಮಾರು 0.3 ವಾಟ್. ಅಂದರೆ ಹಗುರ ಕ್ರ್ಯಾಂಕ್‌ನಿಂದ ಸಿಕ್ಕ ಲಾಭವನ್ನು ಅದೇ ಕ್ರ್ಯಾಂಕ್ ಮೇಲೆ ಕೂತಿರುವ ಮೀಟರ್‌ಗೆ ನೋಡಲೂ ಆಗುವುದಿಲ್ಲ. ಅದರ ಕಣ್ಣಿಗೆ ಬೀಳುವುದು ಬೇರೆ. ಸಮತಟ್ಟಾದ ದಾರಿಯಲ್ಲಿ ಹ್ಯಾಂಡಲ್‌ನ ಕೆಳಭಾಗ ಹಿಡಿದು ಬಾಗಿ ಕೂತರೆ ಅದೇ ವೇಗಕ್ಕೆ ಎಷ್ಟು ವಾಟ್ ಕಡಿಮೆ ಸಾಕು ಅನ್ನುವುದು ಕಾಣುತ್ತದೆ. ಟೈರ್ ಬದಲಾಯಿಸಿದರೆ ಕಾಣುತ್ತದೆ. ಏರಿನ ಮೊದಲ ಐದು ನಿಮಿಷ ಉತ್ಸಾಹದಲ್ಲಿ ತುಳಿದು ಕೊನೆಯ ಐದು ನಿಮಿಷ ಸತ್ತು ಹೋಗುವ ಚಟವಂತೂ ಗ್ರಾಫ್‌ನಲ್ಲಿ ನಾಚಿಕೆಯಾಗುವಷ್ಟು ಚೆನ್ನಾಗಿ ಕಾಣುತ್ತದೆ.

ಎಲ್ಲರಿಗೂ ಮೀಟರ್ ಬೇಕಾ? ಬೇಡ. ಗುಂಪಿನ ಜೊತೆ ಹರಟುತ್ತಾ ಹೋಗುವುದೇ ಖುಷಿ ಅನ್ನುವವರಿಗೆ ಆ ಅಂಕಿ ಕಿರಿಕಿರಿ. ದಿನಾ ಅಂಕಿ ನೋಡಿ ನೋಡಿ, ಮೈ ಹೇಳುವುದನ್ನು ಕೇಳುವುದನ್ನೇ ಬಿಟ್ಟವರನ್ನೂ ನೋಡಿದ್ದೇನೆ. ಆದರೆ ಕಡಿಮೆ ಸಮಯದಲ್ಲಿ ಸರಿಯಾಗಿ ತರಬೇತಿ ಮಾಡಬೇಕು ಅನ್ನುವವರಿಗೆ, ದೂರದ ಸವಾರಿಯಲ್ಲಿ ಶಕ್ತಿಯನ್ನು ಹಿಡಿದಿಟ್ಟುಕೊಂಡು ಹೋಗಬೇಕಾದವರಿಗೆ ಇದಕ್ಕಿಂತ ನೇರವಾಗಿ ಮಾತಾಡುವ ಸಾಧನ ಇಲ್ಲ. ಹೃದಯಬಡಿತ ಒಂದೆರಡು ನಿಮಿಷ ತಡವಾಗಿ ಉತ್ತರ ಕೊಡುತ್ತದೆ, ವೇಗ ಗಾಳಿಯ ಮರ್ಜಿಯಲ್ಲಿರುತ್ತದೆ. ವಾಟ್ ಹಾಗಲ್ಲ.

ನನ್ನ ಬೈಕ್‌ನಲ್ಲಿ ಈಗಿರುವುದು ಮಧ್ಯಮ ದರ್ಜೆಯ ಅಲ್ಯೂಮಿನಿಯಮ್ ಕ್ರ್ಯಾಂಕ್, ಮೇಲೆ ಸ್ಪೈಡರ್ ಮೀಟರ್. ಗ್ರಾಂ ಲೆಕ್ಕದವರು ನೋಡಿದರೆ ಮುಖ ತಿರುಗಿಸಬಹುದು. ದೊಡ್ಡ ಚೈನ್‌ರಿಂಗ್ ಸವೆಯುತ್ತಾ ಬಂದಿದೆ, ಹಲ್ಲುಗಳು ಒಂದು ಕಡೆಗೆ ವಾಲಿವೆ. ಅದನ್ನು ಬದಲಾಯಿಸಿದ ಮೇಲೆ ರಿಂಗ್ ಬೋಲ್ಟ್‌ಗಳನ್ನು ಒಂದೇ ಬಿಗಿಗೆ ತಂದು, ಸೊನ್ನೆ ಮಾಡಿ, ಮತ್ತೊಮ್ಮೆ 20 ಕೆ.ಜಿ. ನೇತುಹಾಕಿ ನೋಡಬೇಕು. ಕೆಲವು ಸ್ಪೈಡರ್‌ಗಳಲ್ಲಿ ರಿಂಗ್ ಬದಲಾದರೆ ಅಂಕಿ ಕೊಂಚ ಸರಿಯುತ್ತದೆ. ಹೊಸ ರಿಂಗ್ ಎಷ್ಟು ಗ್ರಾಂ ಅಂತಲೂ ತೂಗಿ ನೋಡುತ್ತೇನೆ, ಸುಮ್ನೆ.